ಆಚೆ ಪಂಪಿನಲ್ಲಿ ಅಗ್ಗ, ಆದರೆ ಯಾರಿಗೆ?

"ಕಾಸರಗೋಡಿನವರಿಗೇನು ಬಿಡಿ, ಕೇರಳದಲ್ಲಿ ಪೆಟ್ರೋಲ್ ಕ್ರಯ ಏರಿದರೆ ಕರ್ನಾಟಕಕ್ಕೆ ಬಂದು ಹಾಕಿಸಿಕೊಂಡರಾಯಿತು" ಎಂದು ಘಟ್ಟದ ಮೇಲಿನವರು ಹೇಳುವುದುಂಟು. ಹಾಗೆ ಮಾಡುವವರು ಇಲ್ಲವೆಂದಲ್ಲ. ಎರಡು ರಾಜ್ಯಗಳ ಗಡಿಯಾದ ತಲಪಾಡಿ ದಾಟಿ ಕರ್ನಾಟಕಕ್ಕೆ ಕಾಲಿಟ್ಟ ಕೂಡಲೇ ಸಿಗುವ ಪಂಪುಗಳ ಎದುರು ಸಂಜೆ ಹೊತ್ತು ನಿಂತು ನೋಡಿ, ಸಾಲಿನಲ್ಲಿ ಕಾಸರಗೋಡಿನ ಕೆಎಲ್ 14 ನಂಬರಿನ ಗಾಡಿಗಳೇ ಹೆಚ್ಚು. ಆದರೆ ಆ ಸಾಲಿನಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದನ್ನೂ ನೋಡಬೇಕು.

ಈ ವ್ಯತ್ಯಾಸ ಎಲ್ಲಿಂದ ಬಂತೆಂದು ಮೊದಲು ಹೇಳಿಬಿಡುತ್ತೇನೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಪೆಟ್ರೋಲ್, ಡೀಸೆಲ್ ಅದರ ಹೊರಗೇ ಉಳಿದವು. ಕೇಂದ್ರದ ಎಕ್ಸೈಸ್ ಸುಂಕ ಎಲ್ಲರಿಗೂ ಒಂದೇ, ಅದರ ಮೇಲೆ ರಾಜ್ಯಗಳು ಹಾಕುವ ತೆರಿಗೆ ಬೇರೆ ಬೇರೆ. 2021ರ ನವೆಂಬರ್‌ನಲ್ಲಿ ಕೇಂದ್ರ ಸುಂಕ ಇಳಿಸಿತು. ಅದರ ಬೆನ್ನಿಗೇ ಕರ್ನಾಟಕ ಲೀಟರಿಗೆ 7 ರೂಪಾಯಿ ಕಡಿಮೆ ಮಾಡಿತು, ಕೇರಳ ಮಾಡಲಿಲ್ಲ. ತಲಪಾಡಿಯ ಸಾಲು ಉದ್ದವಾದದ್ದು ಆಗ. 2023ರ ಏಪ್ರಿಲ್‌ನಿಂದ ಕೇರಳ ಲೀಟರಿಗೆ 2 ರೂಪಾಯಿ ಸಾಮಾಜಿಕ ಭದ್ರತಾ ಸೆಸ್ ಹಾಕಿತು, ಅಂತರ ಇನ್ನೂ ಬೆಳೆಯಿತು. 2024ರ ಜೂನ್‌ನಲ್ಲಿ ಕರ್ನಾಟಕವೂ ಪೆಟ್ರೋಲ್ ಮೇಲಿನ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು. ಕೇರಳದ್ದು ಶೇ. 30.08. ಅಂದರೆ ತೆರಿಗೆಯ ದರ ಹೆಚ್ಚುಕಡಿಮೆ ಸಮ ಆಯಿತು, ಉಳಿದ ಅಂತರವೆಲ್ಲ ಬಹುಮಟ್ಟಿಗೆ ಕೇರಳ ಮೇಲಿಂದ ಸೇರಿಸುವ ಸೆಸ್ಸುಗಳದ್ದು.

ಈಗ ಲೆಕ್ಕ ಹಾಕಿ. ಲೀಟರಿಗೆ ನಾಲ್ಕೈದು ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ಸ್ಕೂಟರಿಗೆ ಐದು ಲೀಟರ್ ಹಾಕಿಸಿದರೆ ಉಳಿತಾಯ ಇಪ್ಪತ್ತೋ ಇಪ್ಪತ್ತೈದೋ ರೂಪಾಯಿ. ಅದಕ್ಕಾಗಿಯೇ ಮೂವತ್ತು ಕಿಲೋಮೀಟರ್ ಹೋಗಿ ಬಂದರೆ ಮುಕ್ಕಾಲು ಲೀಟರಿನಷ್ಟು ದಾರಿಗೇ ಖರ್ಚು. ಮಂಜೇಶ್ವರ, ಉಪ್ಪಳದಿಂದ ದಿನಾ ಮಂಗಳೂರಿಗೆ ಕೆಲಸಕ್ಕೆ ಹೋಗುವವನಿಗೆ ಅದು ಲಾಭ, ಹೇಗೂ ದಾಟುತ್ತಾನಲ್ಲ. ಪೆರ್ಲದವರಿಗೆ ಸಾರಡ್ಕ ದಾಟಿ ಅಡ್ಯನಡ್ಕ, ವಿಟ್ಲದ ಕಡೆ ಕೆಲಸವಿದ್ದರೆ ಆಗುತ್ತದೆ. ಬದಿಯಡ್ಕದ ಒಳಗಿನ ಯಾವುದೋ ಗುಡ್ಡೆಯ ಮನೆಯವರಿಗೆ ಅದರಿಂದ ಆಗುವುದೇನೂ ಇಲ್ಲ. ಕಾರಿನ ಟ್ಯಾಂಕ್ ದೊಡ್ಡದು, ಹಾಗಾಗಿ ಕಾರಿದ್ದವನಿಗೆ ಹೆಚ್ಚು ಉಳಿತಾಯ, ಬೈಕಿನವನಿಗೆ ಕಡಿಮೆ, ಬಸ್ಸಿನವನಿಗೆ ಸೊನ್ನೆ. ಗಡಿಯ ಲಾಭ ಹಂಚಿಕೆಯಾಗುವುದು ಹೀಗೆ.

ನಿಮ್ಮ ಕಡೆಯವರಿಗೆ ಸುಲಭಕ್ಕೆ ಕಾಣದ ಇನ್ನೊಂದು ಖರ್ಚಿದೆ, ತೋಟದ್ದು. ಇಲ್ಲಿ ಅಡಿಕೆಯೇ ಬದುಕು. ಮಳೆಗಾಲ ಹಿಡಿಯುವ ಮೊದಲೊಮ್ಮೆ, ನಡುವೆ ಬಿಸಿಲು ಕಂಡಾಗ ಮತ್ತೊಮ್ಮೆ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಲೇಬೇಕು. ಬಿಡದಿದ್ದರೆ ಎಳೆ ಅಡಿಕೆ ಬುಡಕ್ಕೆ ಸುರಿಯುತ್ತದೆ. ಮದ್ದು ಬಿಡುವ ಪಂಪು ಪೆಟ್ರೋಲಿನದು, ಹುಲ್ಲು ಹೆರೆಯುವ ಮೆಷಿನ್ನೂ ಪೆಟ್ರೋಲಿನದು. ಹುಲ್ಲಿನ ಮೆಷಿನ್ ಹಿಡಿದು ಬರುವ ಆಳಿನ ಜೊತೆ ಮಾತು ಬೆಳಗ್ಗೆಯೇ ಆಗುತ್ತದೆ, ಕೂಲಿ ಇಷ್ಟು, ಪೆಟ್ರೋಲ್ ಯಾರದ್ದು ಎಂದು. ಹೆಚ್ಚಾಗಿ ತೋಟದ ಯಜಮಾನನದ್ದೇ. ಆಮೇಲೆ ತಲೆಬಿಸಿ ಶುರು. ನಿಯಮದ ಹೆಸರು ಹೇಳಿ ಪಂಪಿನವರು ಬಾಟಲಿಗೆ, ಕ್ಯಾನಿಗೆ ಹಾಕಿ ಕೊಡಲು ಒಪ್ಪುವುದಿಲ್ಲ. ಕೊನೆಗೆ ಅಂಗಳದಲ್ಲಿ ನಿಂತ ಬೈಕಿನ ಟ್ಯಾಂಕಿನ ಪೈಪು ಕಳಚಿ, ಕೆಳಗೆ ಬಾಟಲಿ ಹಿಡಿದು, ಬೇಕಾದಷ್ಟು ಇಳಿಸಿಕೊಂಡು, ಅದಕ್ಕೆ ಅಳತೆ ಮುಚ್ಚಳದಲ್ಲಿ ಟೂ‑ಟಿ ಆಯಿಲ್ ಬೆರೆಸಿ ಮೆಷಿನಿಗೆ ಹೊಯ್ಯುವುದು. ಆಚೆಯಿಂದ ಅಗ್ಗದ ಪೆಟ್ರೋಲ್ ತಂದು ಮನೆಯಲ್ಲಿ ಇಟ್ಟುಕೊಳ್ಳಿ ಎಂದು ಸಲಹೆ ಕೊಡುವವರಿಗೆ ಈ ಪೈಪು, ಬಾಟಲಿಯ ಸಂಗತಿ ಗೊತ್ತಿರುವುದಿಲ್ಲ. ಅಡಿಕೆಗೆ ಕ್ರಯ ಇರುವ ವರ್ಷ ಇದ್ಯಾವುದೂ ಅಷ್ಟು ಬಾಧಿಸದು. ಕೊಳೆ ಬಂದ ವರ್ಷ ಇದೇ ದೊಡ್ಡ ಲೆಕ್ಕ.

ಆಟೋದವರ ಪಾಡು ಬೇರೆಯೇ. ಪೆಟ್ರೋಲ್, ಡೀಸೆಲ್ ದರ ಕಂಪೆನಿಗಳು ದಿನಾ ಬೆಳಗ್ಗೆ ಬದಲಿಸಬಹುದು, 2017ರ ಜೂನ್ 16ರಿಂದ ದೇಶದಲ್ಲೆಲ್ಲ ಇದೇ ವ್ಯವಸ್ಥೆ. ಆಟೋ ಬಾಡಿಗೆ ಬದಲಾಗಬೇಕಾದರೆ ಮಾತ್ರ ಸರ್ಕಾರದ ಆದೇಶ ಬೇಕು. ಕೇರಳದಲ್ಲಿ 2022ರ ಮೇ 1ರಂದು ಮಿನಿಮಮ್ ಬಾಡಿಗೆ 25ರಿಂದ 30 ರೂಪಾಯಿ ಆಯಿತು, ಅದೂ ಒಂದೂವರೆ ಕಿಲೋಮೀಟರಿಗೆ. ಒಂದು ಆದೇಶದಿಂದ ಇನ್ನೊಂದು ಆದೇಶದವರೆಗೆ ಏರಿದ್ದೆಲ್ಲ ಚಾಲಕನ ಕಿಸೆಯಿಂದಲೇ. ರಾಜ್ಯ ದಾಟುವ ಪರ್ಮಿಟ್ ಅವನಿಗಿಲ್ಲ, ಹಾಗಾಗಿ ಆಚೆ ಹೋಗಿ ಹಾಕಿಸುವ ಮಾತೂ ಇಲ್ಲ. ಗುಡ್ಡೆಯ ಮಣ್ಣಿನ ರಸ್ತೆಗೆ ಮೀಟರ್ ಲೆಕ್ಕದಲ್ಲಿ ಬರುವುದಿಲ್ಲ ಎಂದು ಅವನು ಹೇಳಿದರೆ ನಾವು ಬೈಯುತ್ತೇವೆ. ಅವನು ಹೇಳುವುದೂ ಸುಳ್ಳಲ್ಲ.

ನನಗೆ ಮುಖ್ಯವಾಗಿ ಹೇಳಲಿಕ್ಕಿರುವುದು ಡೀಸೆಲಿನ ಬಗ್ಗೆ. ನಮ್ಮ ಸಂತೆಗೆ ಬರುವ ತರಕಾರಿ ಬಹುಪಾಲು ಘಟ್ಟ ಇಳಿದು ಮಂಗಳೂರಿಗೋ ಪುತ್ತೂರಿಗೋ ಬಂದು, ಅಲ್ಲಿಂದ ನಮ್ಮಲ್ಲಿಗೆ ಬರುವಂಥದ್ದು. ಆ ಲಾರಿಗಳು ಓಡುವುದು ಕರ್ನಾಟಕದ ಡೀಸೆಲಿನಲ್ಲಿ. ಕರ್ನಾಟಕ ಡೀಸೆಲ್ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ. 14.34ರಿಂದ 18.44ಕ್ಕೆ, 2025ರ ಏಪ್ರಿಲ್ 1ರಿಂದ ಶೇ. 21.17ಕ್ಕೆ ಏರಿಸಿತು. ಅದು ನಮ್ಮ ಸರ್ಕಾರವಲ್ಲ, ನಮ್ಮ ವೋಟೂ ಅಲ್ಲಿಲ್ಲ. ಆದರೂ ಟೊಮೆಟೊ, ಬೀನ್ಸಿನ ಕ್ರಯದೊಳಗೆ ಸೇರಿ ಅದು ನಮ್ಮಲ್ಲಿಗೆ ಬರುತ್ತದೆ. ಹೀಗೆ ಗಾಡಿಗೆ ಹಾಕಿಸುವಾಗ ತಿರುವನಂತಪುರದ ತೆರಿಗೆ, ಚೀಲ ತುಂಬಿಸುವಾಗ ಬೆಂಗಳೂರಿನ ತೆರಿಗೆ. ಗಡಿಯವರಿಗೆ ಎರಡು ಆಯ್ಕೆ ಇದೆ ಎಂದು ನೀವು ತಿಳಿದಿದ್ದೀರಿ. ಹೆಚ್ಚಿನವರಿಗೆ ಇರುವುದು ಎರಡು ಬಿಲ್ಲು.

ರಿಯಾಯಿತಿ ಮಾತ್ರ ಈ ಕಡೆ ದಾಟುವುದಿಲ್ಲ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಕರ್ನಾಟಕದ ವಿಳಾಸ ಇರುವ ಹೆಂಗಸರಿಗೆ. ಮಂಗಳೂರಿನಲ್ಲಿ ಓದುವ, ಅಲ್ಲಿನ ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮ ಹುಡುಗಿಯರ ಆಧಾರ್ ಕಾರ್ಡಿನಲ್ಲಿ ಕೇರಳ ಎಂದಿದೆ.

ಹಾಗೆಂದು ಆ 2 ರೂಪಾಯಿ ಸೆಸ್ಸಿಗೆ ಬಾಯಿಬಿಟ್ಟು ಶಾಪ ಹಾಕಲು ನನಗೆ ಮನಸ್ಸಿಲ್ಲ. ಅದನ್ನು ಹಾಕಿದ್ದು ಕ್ಷೇಮ ಪೆನ್ಶನಿನ ಹೆಸರಿನಲ್ಲಿ. ಆಗ ತಿಂಗಳಿಗೆ 1600 ರೂಪಾಯಿ ಇದ್ದ ಪೆನ್ಶನ್ 2025ರ ನವೆಂಬರ್‌ನಿಂದ 2000 ಆಗಿದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೊಮ್ಮಗ ಪಂಪಿನಲ್ಲಿ ಸರ್ಕಾರಕ್ಕೆ ಬೈದು ಬಂದರೆ, ಪೆನ್ಶನ್ ಬಂತಾ ಎಂದು ಅಜ್ಜಿ ಅವನನ್ನೇ ವಿಚಾರಿಸುತ್ತಾರೆ. ಯಾರ ಪಕ್ಷ ವಹಿಸುವುದು ಹೇಳಿ. ಡೀಸೆಲ್, ಪೆಟ್ರೋಲನ್ನು ಜಿಎಸ್‌ಟಿಗೆ ಸೇರಿಸಿದರೆ ಈ ಗಡಿ ಲೆಕ್ಕವೇ ಹೋಗುತ್ತದೆ ಎನ್ನುವವರಿದ್ದಾರೆ. 2021ರ ಸೆಪ್ಟೆಂಬರ್‌ನಲ್ಲಿ ಲಕ್ನೋದಲ್ಲಿ ಜಿಎಸ್‌ಟಿ ಮಂಡಳಿ ಕೂತಾಗ ಈ ವಿಷಯ ಬಂದಿತ್ತು, ಈಗ ಬೇಡ ಎಂದು ಕೈಬಿಟ್ಟರು. ಆದಾಯ ಬಿಡಲು ಯಾವ ರಾಜ್ಯಕ್ಕೂ ಮನಸ್ಸಿಲ್ಲ, ಕೇಂದ್ರಕ್ಕೂ ಅವಸರವಿಲ್ಲ.

ನೀವು ಬೇಕಲ ಕೋಟೆ ನೋಡಲು ಕಾರಿನಲ್ಲಿ ಬರುವುದಾದರೆ ತಲಪಾಡಿಗೆ ಮೊದಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಹೋಗಿ ಬರಲು ಧಾರಾಳ ಸಾಕಾಗುತ್ತದೆ. ನೀವು ಹೇಳುವ ಗಡಿಯ ಲಾಭ ಪೂರ್ತಿಯಾಗಿ ಸಿಗುವುದು ನಿಮ್ಮಂಥವರಿಗೇ.