ಗೊಂಬೆಯ ಪುಟ, ತಮ್ಮನ ಆಟ

ಪ್ರಶ್ನೆ: ನನಗೆ 34 ವರ್ಷ. ಕೊಪ್ಪಳದಲ್ಲಿ ಸಂಸಾರ, ತವರು ಕಿನ್ನಾಳ. ತವರಿನವರು ಮಾಡುವ ಬಣ್ಣದ ಗೊಂಬೆಗಳನ್ನು ಇನ್‌ಸ್ಟಾಗ್ರಾಂ ಪುಟದ ಮೂಲಕ ಮಾರುತ್ತೇನೆ. ಅಪ್ಪ ಹೋದ ಮೇಲೆ ನಾನೇ ಓದಿಸಿದ ತಮ್ಮ ಬೆಂಗಳೂರಿನ ಅನಿಮೇಷನ್ ಕೆಲಸ ಬಿಟ್ಟು ಬಂದು, ಮೂರು ವರ್ಷ ಒಬ್ಬನೇ ಕೂತು ಒಂದು ವಿಡಿಯೊ ಗೇಮ್ ಮಾಡಿದ್ದಾನೆ. ಅದು ವಯಸ್ಕರಿಗೆ ಮಾತ್ರ, ಲೈಂಗಿಕ ದೃಶ್ಯಗಳಿವೆ ಅಂತ ಅವನೇ ಹೇಳಿದ. ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಬಿಡುತ್ತಾನಂತೆ. "ಅಕ್ಕಾ, ನಿನ್ ಪೇಜಿನ್ಯಾಗ ಒಂದ್ ರೀಲ್ ಹಾಕು, ಅಷ್ಟ ಸಾಕು" ಅಂದ. ಆಗೋದಿಲ್ಲ ಅಂದೆ. "ನಿನಗ ನನ್ನ ಕೆಲಸ ನಾಚಿಕಿ" ಅಂದು ಎದ್ದು ಹೋದವನು ಹದಿನೈದು ದಿನದಿಂದ ಮಾತಾಡಿಲ್ಲ. ಸಣ್ಣವನಿದ್ದಾಗ ಗೊಂಬೆಗೆ ಕಣ್ಣು ಬರೆದು ಮೊದಲು ನನಗೇ ತೋರಿಸಲು ಓಡಿ ಬರುತ್ತಿದ್ದ. ಅವ್ವನಿಗೆ ಇದೇನೂ ಗೊತ್ತಿಲ್ಲ. ನಾನು ಹಾಕಬೇಕಿತ್ತೇ?

ಉತ್ತರ: ಹಾಕಬೇಡಿ ತಂಗಿ. ಆದರೆ ನೀವು 'ಆಗೋದಿಲ್ಲ' ಅಂದ ಮಾತನ್ನು ಅವನು ಬೇರೆ ಅರ್ಥದಲ್ಲಿ ಕೇಳಿಸಿಕೊಂಡಿದ್ದಾನೆ. ಪುಟ ಕೊಡಲಾರೆ ಅಂದಿರಿ. ನೀನು ಬೇಡ ಅಂದ ಹಾಗೆ ಅವನಿಗೆ ಕೇಳಿಸಿತು. ಈ ಎರಡನ್ನೂ ನೀವೇ ಬಿಡಿಸಿ ಹೇಳಬೇಕು.

ನಿಮ್ಮ ಪುಟಕ್ಕೆ ಬಂದವರು ಯಾರು, ಯೋಚಿಸಿ. ಗೌರಿ ಹುಣ್ಣಿಮೆಗೆ ಗೌರಿ ಬೇಕೆಂದು ಬಂದವರು, ದಸರೆಗೆ ಗೊಂಬೆ ಕೂರಿಸುವವರು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಗಿಳಿ, ಆನೆ ತೋರಿಸುವ ತಾಯಂದಿರು. ಅವರು ನಿಮ್ಮನ್ನು ನಂಬಿ ಫೋನನ್ನು ಮಕ್ಕಳ ಕೈಗೆ ಕೊಡುತ್ತಾರೆ. ಅವರನ್ನು ಕೇಳದೆ ಅಲ್ಲಿ ಬೇರೆ ಬಾಗಿಲು ತೆರೆಯುವ ಹಕ್ಕು ನಿಮಗೂ ಇಲ್ಲ, ತಮ್ಮನಿಗೂ ಇಲ್ಲ. ಜೊತೆಗೆ ಇನ್‌ಸ್ಟಾಗ್ರಾಂ ನಗ್ನತೆ, ಲೈಂಗಿಕ ವಿಷಯಗಳ ಬಗ್ಗೆ ಬಿಗಿಯಾಗಿದೆ. ಪುಟವೇ ಮುಚ್ಚಿಹೋದರೆ ಹುಣಸೆಬೀಜದ ಅಂಟು ಅರೆದು, ಬಣ್ಣ ಬಳಿದು ಕೂತ ನಿಮ್ಮವರ ದುಡಿಮೆಯೂ ಅದರ ಜೊತೆ ಹೋಗುತ್ತದೆ.

ಇನ್ನು ಅವನಿಗೆ ನಾಟಬೇಕಾದ ಮಾತು: ಆ ರೀಲಿನಿಂದ ಅವನಿಗೆ ಲಾಭವೂ ಇಲ್ಲ. ಸ್ಟೀಮ್ ಮುಖ್ಯವಾಗಿ ಕಂಪ್ಯೂಟರ್‌ನಲ್ಲಿ ಆಡುವವರ ಅಂಗಡಿ. 2018ರಿಂದ ಅಲ್ಲಿ ವಯಸ್ಕರ ಆಟಗಳಿಗೂ ಜಾಗವಿದೆ. ಆದರೆ ಪೂರಾ ವಯಸ್ಕರದ್ದು ಅಂತ ಗುರುತಾದ ಆಟ, ಲಾಗಿನ್ ಆಗಿ, 'ಇಂಥದ್ದನ್ನು ತೋರಿಸು' ಅಂತ ಸೆಟ್ಟಿಂಗ್‌ನಲ್ಲಿ ತಾನಾಗಿ ಒಪ್ಪಿಕೊಂಡವರಿಗಷ್ಟೇ ಕಾಣುತ್ತದೆ. ಗೊಂಬೆ ನೋಡಲು ಬಂದವರು ಲಿಂಕ್ ಒತ್ತಿದರೂ ಹೆಚ್ಚಿನವರಿಗೆ ಮುಚ್ಚಿದ ಬಾಗಿಲೇ ಸಿಗುತ್ತದೆ. ಆಟ ಬಿಡುವ ಮೊದಲು ಅದನ್ನು ವಿಶ್‌ಲಿಸ್ಟ್‌ಗೆ, ಅಂದರೆ ಮುಂದೆ ಕೊಳ್ಳಬೇಕೆಂದಿರುವ ಪಟ್ಟಿಗೆ, ಸೇರಿಸಿಕೊಳ್ಳುವ ಜನ ಅವನಿಗೆ ಬೇಕು, ಅವರು ನಿಮ್ಮ ಪುಟದಲ್ಲಿಲ್ಲ. ಅಂಥವರು ಸಿಗುವ ಜಾಗಗಳು ಬೇರೆ ಇವೆ. ಎಕ್ಸ್ (ಹಿಂದಿನ ಟ್ವಿಟರ್) 2024ರ ಮೇ ತಿಂಗಳಲ್ಲಿ ವಯಸ್ಕರ ವಿಷಯಕ್ಕೆ ಬರಹದಲ್ಲೇ ಅನುಮತಿ ಕೊಟ್ಟಿತು. ಸೂಕ್ಷ್ಮ ಅಂತ ಲೇಬಲ್ ಹಚ್ಚಬೇಕು, ಪ್ರೊಫೈಲ್ ಚಿತ್ರದಲ್ಲಿ ಅಂಥದ್ದು ಇರಕೂಡದು. ಗುಂಪು ಚರ್ಚೆಯ ತಾಣವಾದ ರೆಡ್ಡಿಟ್‌ನಲ್ಲೂ ವಯಸ್ಕರಿಗೆಂದೇ ಗುರುತು ಹಾಕಿದ ಗುಂಪುಗಳಿವೆ. ಅವನು ಅಲ್ಲಿ, ತನ್ನದೇ ಬೇರೆ ಖಾತೆಯಿಂದ, ಮಿತಿಯೊಳಗಿನ ಚಿತ್ರಗಳಿಂದ, ಕಥೆ ಮತ್ತು ಬರವಣಿಗೆಯ ಹಂತಗಳನ್ನು ತೋರಿಸುತ್ತ ಹೋಗಲಿ. ಒಂದೇ ಅಂಗಡಿಯನ್ನು ನಂಬಿ ಕೂಡುವುದೂ ಬೇಡ. 2025ರ ಜುಲೈನಲ್ಲಿ ಹಣ ಪಾವತಿ ಸಂಸ್ಥೆಗಳ ಒತ್ತಡಕ್ಕೆ, ಸ್ಟೀಮ್‌ನಂಥದ್ದೇ ಇನ್ನೊಂದು ಆಟದ ಅಂಗಡಿಯಾದ ಇಚ್.ಐಒ ವಯಸ್ಕರ ಆಟಗಳನ್ನು ತನ್ನ ಹುಡುಕಾಟದಿಂದಲೇ ತೆಗೆದಿತ್ತು. ರಾತ್ರೋರಾತ್ರಿ ಎಷ್ಟೋ ಮಂದಿಯ ಆಟ ಕಾಣದಂತಾಯಿತು.

ಕಾನೂನಿನ ಮಾತು ಹೇಳದೆ ಇದ್ದರೆ ನಾನು ತಪ್ಪು ಮಾಡಿದಂತೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಂ ಅಶ್ಲೀಲವಾದದ್ದನ್ನು ಪ್ರಕಟಿಸುವವರಿಗೂ, ಪ್ರಕಟಿಸಲು ಕಾರಣರಾದವರಿಗೂ ಅನ್ವಯ. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ನೇರ ಲೈಂಗಿಕ ಕ್ರಿಯೆಯಾದರೆ 67ಎ ಬರುತ್ತದೆ: ಐದು ವರ್ಷ, 10 ಲಕ್ಷ. ಬರೆದ ಚಿತ್ರ ಅಂದಮಾತ್ರಕ್ಕೆ ತಪ್ಪಿಸಿಕೊಳ್ಳಲು ಬರುವುದಿಲ್ಲ. ಕಲೆಗೆ ವಿನಾಯಿತಿ ಇದೆ, ಆದರೆ ಅದು ಜನಹಿತಕ್ಕೆ ಎಂದು ಸಾಬೀತಾಗಬೇಕು. ಅದಕ್ಕೇ ಆಟ ಬಿಡುವ ಮೊದಲು ಸೈಬರ್ ಕಾನೂನು ಬಲ್ಲ ವಕೀಲರಿಗೆ ಪೂರ್ತಿ ಆಟ ತೋರಿಸಲಿ. ಇದನ್ನು ಮುಂದಕ್ಕೆ ಹಾಕಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ನೀವು ಅವನನ್ನು ಎರಡು ಪ್ರಶ್ನೆ ಕೇಳಿ, ಅಕ್ಕನಾಗಿ. ಆಟದಲ್ಲಿರುವ ಎಲ್ಲರೂ ನೋಡಿದ ಕೂಡಲೇ ದೊಡ್ಡವರು ಅನ್ನಿಸುತ್ತಾರಾ? ಯಾವುದಾದರೂ ನಿಜವಾದ ಹುಡುಗಿಯ, ಊರಿನವರ, ನಟಿಯ ಮುಖ ಅದರಲ್ಲಿ ಬಂದಿದೆಯಾ? ಉತ್ತರ ತಡವರಿಸಿದರೆ, ಪ್ರೀತಿ ಎಷ್ಟೇ ಇರಲಿ, ಆ ಭಾಗ ತೆಗೆಯುವವರೆಗೂ ಬಿಡಬೇಡಿ. ಇಲ್ಲಿ ನಾನು ಮೆತ್ತಗೆ ಮಾತಾಡಲಾರೆ.

ಅವ್ವನಿಗೆ ನೀವು ಹೇಳಬೇಡಿ. ಅದು ಅವನು ಹೇಳಬೇಕಾದ ಮಾತು. ಆದರೆ ಊರಿನ ಬಾಯಿಂದ ತಿಳಿಯುವ ಮೊದಲು ಹೇಳು ಅಂತ ಅವನಿಗೆ ತಿಳಿಸಿ.

ಮಾತು ಶುರು ಮಾಡುವುದು ನಿಮ್ಮಿಂದಲೇ ಆಗಲಿ, ನೀವು ದೊಡ್ಡವರು. "ತಮ್ಮಾ, ಆ ಪೇಜ್ ಕೂಸುಗಳು ನೋಡೋದು, ಅಲ್ಲಿ ಹಾಕಾಂಗಿಲ್ಲ. ಆದ್ರ ನೀ ಮೂರು ವರ್ಷ ಏನ್ ಬರದಿ ಅಂತ ನಾ ನೋಡಬೇಕು" ಅನ್ನಿ. ಲೈಂಗಿಕ ದೃಶ್ಯ ತೋರಿಸಬೇಡ ಅಂತ ಮೊದಲೇ ಹೇಳಬಹುದು, ಅದರಲ್ಲಿ ಸಂಕೋಚ ಬೇಡ. ಅವನ ಲ್ಯಾಪ್‌ಟಾಪ್ ಮುಂದೆ ಒಂದು ಗಂಟೆ ಕೂತು ಕಥೆ ಎಲ್ಲಿ ಎಳೆಯಿತು, ಯಾವ ಮುಖ ಚೆನ್ನಾಗಿ ಬಂತು, ಎಲ್ಲಿ ಬೇಸರ ಬಂತು, ಹೇಳಿ. ಗೊಂಬೆಯ ಕಣ್ಣು ಓರೆಯಾಗಿದ್ದರೆ ಆಗ ಹೇಗೆ ಹೇಳುತ್ತಿದ್ದಿರೋ ಹಾಗೆಯೇ.