ಹಾಡಿನ ಶ್ರುತಿ ಒಂದು ಮನೆ ಇಳಿಸಿದರೆ ಸೇವೆ ಕಡಿಮೆ ಆಗುತ್ತಾ?

ಪ್ರಶ್ನೆ: ನಮ್ಮ ಚರ್ಚ್ ಸಭೆಯಲ್ಲಿ 16 ವರ್ಷದಿಂದ ಹಾರ್ಮೋನಿಯಂ ನುಡಿಸಿ ಹಾಡು ನಡೆಸುತ್ತಿದ್ದೇನೆ. ಒಂದು ರೂಪಾಯಿ ಮುಟ್ಟಿಲ್ಲ. ಈಚೆಗೆ ಬೇರೆ ಊರಿಂದ ಬಂದು ಸೇರಿದ ಹುಡುಗಿಯೊಬ್ಬಳು ಎಲ್ಲರ ಮುಂದೆ, ‘ಅಣ್ಣಾ, ಶ್ರುತಿ ಜಾಸ್ತಿ ಆಯ್ತು, ಹಿಂದೆ ಕೂತ ಅಜ್ಜಿಯಂದಿರು ಹಾಡ್ತಾನೇ ಇಲ್ಲ’ ಎಂದಳು. ಸಭಾಪಾಲಕರೂ ತಲೆಯಾಡಿಸಿದರು. ನಾನು ಹಾಡುವುದು ದೇವರಿಗೆ. ಇವರ ಮಾತೆಲ್ಲ ಯಾಕೆ ಕೇಳಬೇಕು? ಬಿಟ್ಟುಬಿಡೋಣ ಅನಿಸಿದೆ.

ಉತ್ತರ: ಬೇಜಾರಾಗುವುದು ಸಹಜ, ಸಹೋದರರೇ. ಆದರೆ ‘ನಾನು ಮಾಡೋದು ದೇವರಿಗೆ’ ಎಂಬ ಮಾತಿನ ಬಗ್ಗೆ ಸ್ವಲ್ಪ ಹುಷಾರು. ಸಂಬಳಕ್ಕೆ ದುಡಿಯುವವನನ್ನು ಯಾರಾದರೂ ತಿದ್ದಬಹುದು. ದೇವರ ಹೆಸರು ಹೇಳಿ ದುಡಿಯುವವರನ್ನು ತಿದ್ದಲು ಎಲ್ಲರೂ ಹೆದರುತ್ತಾರೆ. ಹೆದರದೆ ಹೇಳಿದವಳು ನಿಮಗೆ ಸಿಕ್ಕಿದ್ದಾಳೆ.

ಬೈಬಲಿನ ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯದ ಅಪೊಲ್ಲೋಸನನ್ನು ನೆನಪಿಸಿಕೊಳ್ಳಿ. ಅಲೆಕ್ಸಾಂದ್ರಿಯದವನು, ಒಳ್ಳೆಯ ಮಾತುಗಾರ, ಶಾಸ್ತ್ರ ಚೆನ್ನಾಗಿ ಬಲ್ಲವನು. ಎಫೆಸದ ಸಭಾಮಂದಿರದಲ್ಲಿ ಧೈರ್ಯವಾಗಿ ಬೋಧಿಸುತ್ತಿದ್ದ. ಆದರೆ ಅವನಿಗೆ ಗೊತ್ತಿದ್ದದ್ದು ಯೇಸುವಿಗೆ ಮೊದಲು ಬಂದ ಯೋಹಾನನ ದೀಕ್ಷಾಸ್ನಾನ ಮಾತ್ರ, ಯೇಸುವಿನ ಹೆಸರಿನ ದೀಕ್ಷಾಸ್ನಾನ ಗೊತ್ತಿರಲಿಲ್ಲ. ಅದನ್ನು ಗುರುತಿಸಿದವರು ಯಾರು? ಗುಡಾರ ಹೊಲಿದು ಹೊಟ್ಟೆ ಹೊರೆಯುತ್ತಿದ್ದ ಪ್ರಿಸ್ಕಿಲ್ಲ, ಅಕ್ವಿಲ ದಂಪತಿ. ಹೆಂಡತಿಯ ಹೆಸರೇ ಮೊದಲು ಬರುತ್ತದೆ ಅಲ್ಲಿ, ಗಮನಿಸಿ. ಅವರು ಮೊದಲು ಅವನ ಮಾತು ಕೇಳಿದರು. ಆಮೇಲೆ ಅವನನ್ನು ತಮ್ಮ ಜೊತೆ ಕರೆದುಕೊಂಡು ಹೋಗಿ, ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು. ‘ನೀವು ಯಾರು ನನಗೆ ಹೇಳೋಕೆ’ ಎಂದು ಅವನು ಎದ್ದು ಹೋಗಲಿಲ್ಲ. ಇದರಿಂದ ಅವನ ಮರ್ಯಾದೆಯೇನೂ ಹೋಗಲಿಲ್ಲ. ಅವನು ಗ್ರೀಸಿನ ಅಖಾಯಕ್ಕೆ ಹೊರಟಾಗ, ಇವನನ್ನು ಸೇರಿಸಿಕೊಳ್ಳಿ ಎಂದು ಎಫೆಸದ ಸಹೋದರರೇ ಅಲ್ಲಿನ ಶಿಷ್ಯರಿಗೆ ಪತ್ರ ಬರೆದುಕೊಟ್ಟರು.

ಆ ಹುಡುಗಿ ಎಲ್ಲರ ಮುಂದೆ ಹೇಳಿದ್ದು ತಪ್ಪೇ. ಪಕ್ಕಕ್ಕೆ ಕರೆದು ಹೇಳಬೇಕಿತ್ತು. ಅದನ್ನು ಅವಳಿಗೆ ಹೇಳಿ, ಆದರೆ ಹೇಳಿದ ರೀತಿ ಸರಿಯಿಲ್ಲ ಅಂತ ವಿಷಯವನ್ನೇ ತಳ್ಳಿಹಾಕಬೇಡಿ.

ನಾನೂ ಇದರಲ್ಲಿ ಎಡವಿದವನೇ. ಒಮ್ಮೆ ನನ್ನ ಪ್ರಸಂಗ ಮುಗಿದ ಮೇಲೆ, ಬಾಗಿಲ ಹತ್ತಿರ ಚಪ್ಪಲಿ ಜೋಡಿಸುತ್ತಿದ್ದ ಹಿರಿಯರೊಬ್ಬರು, ‘ಅಯ್ಯನವರೇ, ಮಕ್ಕಳು ಹಸಿದಿದ್ವು’ ಎಂದರು. ಅಷ್ಟೇ. ಎರಡು ವಾರ ನಾನು ಅವರ ಮುಖ ನೋಡಿ ನಗಲಿಲ್ಲ. ಮೂರನೇ ವಾರ 25 ನಿಮಿಷಕ್ಕೆ ಮುಗಿಸಿದೆ.

ಹಾಗಂತ ದೀನತೆ ಅಂದರೆ ಯಾರು ಏನು ಹೇಳಿದರೂ ಹೂಂ ಅನ್ನುವುದಲ್ಲ. ಬೆಳಗಿಂದ ಸಂಜೆವರೆಗೆ ಒಬ್ಬನೇ ಜನರಿಗೆ ನ್ಯಾಯ ಹೇಳುತ್ತಿದ್ದ ಇಸ್ರಾಯೇಲ್ಯರ ನಾಯಕ ಮೋಶೆಗೆ, ಮಿದ್ಯಾನಿನ ಯಾಜಕನಾದ ಅವನ ಮಾವ ಕೆಲಸ ಹಂಚಲು ಹೇಳಿದ. ‘ದೇವರ ಅಪ್ಪಣೆಯಾದರೆ’ ಎಂಬ ಮಾತನ್ನೂ ಸೇರಿಸಿದ. ಬಂದ ಸಲಹೆಯನ್ನು ತೂಗಿ ನೋಡಬಹುದು. ತೂಗಬೇಕಾದರೆ ಮೊದಲು ಕೈಗೆ ತೆಗೆದುಕೊಳ್ಳಬೇಕು ಅಲ್ವಾ?

ಈ ಶನಿವಾರದ ಅಭ್ಯಾಸಕ್ಕೆ ಆ ಅಜ್ಜಿಯಂದಿರಲ್ಲಿ ಇಬ್ಬರನ್ನು ಕರೆಸಿ. ಅವರಿಗೆ ಇಷ್ಟವಾದ ಹಾಡನ್ನು ಅವರೇ ಎತ್ತಿಕೊಳ್ಳಲಿ. ನೀವು ಸುಮ್ನೆ ಕೇಳಿ, ಆಮೇಲೆ ಆ ದನಿಗೆ ಹೊಂದುವ ಮನೆಯನ್ನು, ಅಂದರೆ ಸ್ವರದ ಕೀಲಿಯನ್ನು, ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಹುಡುಕಿ. ಒಂದು ಮನೆ ಇಳಿಸಬೇಕಾಗಬಹುದು, ಎರಡೂ ಆಗಬಹುದು. ಆ ಶ್ರುತಿಯಲ್ಲಿ ನಿಮ್ಮ ಗಂಟಲು ಸರಿಯಾಗಿ ಏಳದಿದ್ದರೆ ನೀವು ಪೆಟ್ಟಿಗೆ ನುಡಿಸಿ, ಹಾಡು ಎತ್ತಿಕೊಡಲು ಆ ಹುಡುಗಿಯನ್ನು ಕೂರಿಸಿಕೊಳ್ಳಿ.