ಈಜು ಪ್ರಶ್ನೋತ್ತರ: ಕೊಳದಿಂದ ಕಡಲಿಗೆ

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಮೈಸೂರಿನಲ್ಲಿ 25 ಮೀಟರ್ ಈಜುಕೊಳಕ್ಕೆ ಹೋಗ್ತೇನೆ. 1500 ಮೀಟರ್ ಫ್ರೀಸ್ಟೈಲ್ ನಿಲ್ಲದೆ ಆಗುತ್ತದೆ. ಜನವರಿಯಲ್ಲಿ ಕರಾವಳಿಯಲ್ಲಿ ಒಂದು ಕಿಲೋಮೀಟರ್ ಕಡಲ ಈಜಿಗೆ ಹೆಸರು ಕೊಟ್ಟಿದ್ದೇನೆ. ಮೊನ್ನೆ ಮಲ್ಪೆಯಲ್ಲಿ ಎದೆಮಟ್ಟದ ನೀರಲ್ಲಿ ಮುಖ ಮುಳುಗಿಸಿದೆ. ಕೆಳಗೆ ಏನೂ ಕಾಣಲಿಲ್ಲ. ಉಸಿರು ಕಟ್ಟಿದಂತಾಗಿ ಎದ್ದು ಬಂದುಬಿಟ್ಟೆ. ‘ಸುಮ್ನೆ ಕೊಳದಲ್ಲೇ ಈಜು’ ಅಂತಾರೆ ಮನೆಯವರು. ಏನು ಮಾಡಲಿ?
– ಓದುಗಿ, ಮೈಸೂರು

ಉತ್ತರ: ಹೆಸರು ವಾಪಸ್ ತಗೋಬೇಡಿ. ಜನವರಿಗೆ ಇನ್ನೂ ಸಮಯವಿದೆ, ನಿಮ್ಮ ಶ್ವಾಸಕೋಶಕ್ಕೂ ತೋಳಿಗೂ ಒಂದು ಕಿಲೋಮೀಟರ್ ದೊಡ್ಡದಲ್ಲ. ನಮ್ಮ ಕಡಲು ಬೆಚ್ಚಗಿನದು, ಹಾಗಾಗಿ ಉಸಿರು ಕಟ್ಟಿದ್ದು ಚಳಿಗಲ್ಲ. ಇಷ್ಟು ದಿನ ಕಣ್ಣಿಗೆ ಕೊಳದ ತಳದ ಕಪ್ಪು ಗೆರೆ ಆಸರೆಯಾಗಿತ್ತು. ಅದು ಇಲ್ಲದಾಗ ಮನಸ್ಸು ಬೆದರಿತು, ಬೆದರಿದವರು ಉಸಿರು ಬಿಡುವುದನ್ನೇ ಮರೆಯುತ್ತಾರೆ. ಮುಂದಿನ ಸಲ ಸೊಂಟಮಟ್ಟದ ನೀರಲ್ಲಿ ನಿಂತು, ಮುಖ ಮುಳುಗಿಸಿ, ಗುಳ್ಳೆ ಬಿಡುತ್ತಾ ಉಸಿರು ಪೂರ್ತಿ ಹೊರಹಾಕಿ. ಬೇಸರ ಬರುವ ತನಕ ಅದನ್ನೇ ಮಾಡಿ. ಆಮೇಲೆ ಸ್ವಲ್ಪ ದೂರ ತಲೆ ಎತ್ತಿ ಬ್ರೆಸ್ಟ್‌ಸ್ಟ್ರೋಕ್, ನಂತರವೇ ಫ್ರೀಸ್ಟೈಲ್.

ಇನ್ನು ಗೋಡೆಯ ಲೆಕ್ಕ. ನಿಮ್ಮ ಕೊಳದಲ್ಲಿ 1500 ಮೀಟರ್ ಅಂದರೆ 60 ಲ್ಯಾಪ್, 59 ಸಲ ಗೋಡೆ ಒದೆಯುವುದು. ಒದ್ದಾಗಲೆಲ್ಲ ನಾಲ್ಕು ಮೀಟರ್ ಜಾರಿದರೂ 236 ಮೀಟರ್ ನೀವು ಈಜಿಯೇ ಇಲ್ಲ, ಅಲ್ವಾ? ಕಡಲಲ್ಲಿ ಆ ಪುಕ್ಕಟೆ ಮೀಟರು ಸಿಗುವುದಿಲ್ಲ. ವಾರಕ್ಕೆ ಒಂದು ದಿನವಾದರೂ ಗೋಡೆ ಮುಟ್ಟದೆ ಈಜಿ: ತಳದ ಗೆರೆ ಮುಗಿಯುವಲ್ಲೇ ತಿರುಗಿಬಿಡಿ. ಮೊದಮೊದಲು ಸುಸ್ತು ಜಾಸ್ತಿ. ಲೇನ್ ಖಾಲಿ ಇರುವಾಗ, ಗೋಡೆಯಿಂದ ದೂರದಲ್ಲಿ, ಎಂಟು ಕೈ ಕಣ್ಣು ಮುಚ್ಚಿ ಎಳೆಯಿರಿ. ಯಾವ ಕಡೆಯ ಹಗ್ಗ ಮೈಗೆ ತಗಲುತ್ತದೋ ಕಡಲಲ್ಲೂ ಆ ಕಡೆಗೇ ಸೊಟ್ಟ ಹೋಗುತ್ತೀರಿ.

ಅದಕ್ಕೇ ದಾರಿ ನೋಡುವುದನ್ನು ಕಲಿಯಬೇಕು. ಮುಂದಿನ ಕೈ ನೀರನ್ನು ಒತ್ತುವಾಗ ಮೊಸಳೆ ಹಾಗೆ ಕಣ್ಣಷ್ಟೇ ನೀರಿನ ಮೇಲೆ ತನ್ನಿ. ಬಾಯಿ ನೀರಲ್ಲೇ ಇರಲಿ. ನೋಡಿದ ಕೂಡಲೇ ತಲೆ ಪಕ್ಕಕ್ಕೆ ತಿರುಗಿಸಿ ಉಸಿರು ತಗೊಳ್ಳಿ. ಇಡೀ ತಲೆ ಎತ್ತಿದರೆ ಕಾಲು ಮುಳುಗುತ್ತದೆ, ಸೊಂಟ ನೋಯುತ್ತದೆ. ಎಂಟು ಹತ್ತು ಕೈಗೆ ಒಮ್ಮೆ ಸಾಕು, ಅದೂ ತೆರೆ ನಿಮ್ಮನ್ನು ಮೇಲೆತ್ತಿದಾಗ. ತೆಂಗಿನ ಮರ ಗುರುತು ಇಟ್ಟುಕೊಳ್ಳಬೇಡಿ. ಕರಾವಳಿಯಲ್ಲಿ ಎಲ್ಲಾ ಕಡೆ ಅದೇ! ಮೊಬೈಲ್ ಟವರ್, ದೀಪಸ್ತಂಭ, ನೀರಿನ ಟ್ಯಾಂಕ್ ವಾಸಿ.

ಎರಡೂ ಕಡೆ ಉಸಿರು ತಗೊಳ್ಳುವುದೂ ಬರಬೇಕು. ಬೆಳಗ್ಗೆ ದಡದ ಉದ್ದಕ್ಕೆ ಉತ್ತರಕ್ಕೆ ಹೊರಟರೆ ಬಲಗಣ್ಣಿಗೆ ಬಿಸಿಲು, ಎಡಗೆನ್ನೆಗೆ ತೆರೆ. ವಾಪಸ್ ಬರುವಾಗ ತಿರುವುಮುರುವು.

ಕರಾವಳಿಗೆ ಬಂದಾಗ ಬೆಳಗ್ಗೆಯೇ ಇಳಿಯಿರಿ. ಮಧ್ಯಾಹ್ನ ಕಡಲ ಕಡೆಯ ಗಾಳಿ ಎದ್ದು ನೀರು ಕದಡುತ್ತದೆ. ಆದರೆ ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ನೀರು ಶಾಂತವಾಗಿದೆ ಅಂತ ಆಳಕ್ಕೆ ಹೋಗದೆ ದಡಕ್ಕೆ ಸಮಾನಾಂತರವಾಗಿ ಈಜಿ. ಅಳಿವೆ ಹತ್ತಿರ ಬೇಡವೇ ಬೇಡ. ಇಳಿತದ ಹೊತ್ತಿನಲ್ಲಿ ಹೊಳೆ ನೀರೂ ಕಡಲ ನೀರೂ ಸೇರಿ ಹೊರಗೆ ಎಳೆಯುತ್ತವೆ. ಎಲ್ಲಿ ಇಳಿಯಬೇಕು ಅಂತ ಅಲ್ಲಿನ ಮೀನುಗಾರರನ್ನೂ ಜೀವರಕ್ಷಕರನ್ನೂ ಕೇಳಿ. ಅವರು ‘ಇವತ್ತು ಬೇಡ’ ಅಂದರೆ ಚರ್ಚೆ ಮಾಡದೆ ಕಾಫಿ ಕುಡಿಯಲು ಹೋಗಿ. ಎಳೆತಕ್ಕೆ ಸಿಕ್ಕಿದರೆ ದಡದ ಕಡೆ ಗುದ್ದಾಡಬೇಡಿ. ಪಕ್ಕಕ್ಕೆ ಈಜಿ ಅದರಿಂದ ಹೊರಬನ್ನಿ, ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕರೆಯಿರಿ. ಜೊತೆಗೆ ದೋಣಿಯೋ ಕಯಾಕೋ ಇಲ್ಲದೆ, ಒಬ್ಬರೇ, ಒಂದು ದಿನವೂ ಇಳಿಯಕೂಡದು. ಮನೆಯವರಿಗೂ ಇದನ್ನು ಹೇಳಿ, ಅರ್ಧ ಸಮಾಧಾನ ಆಗುತ್ತದೆ.

ಪ್ರಶ್ನೆ: ಜೆಲ್ಲಿ ಮೀನು ಕುಟುಕಿದರೆ?
– ಓದುಗ, ಶಿವಮೊಗ್ಗ

ಉತ್ತರ: ನೀರಿಂದ ಮೇಲೆ ಬನ್ನಿ. ಉಜ್ಜಬೇಡಿ, ಮರಳು ಹಚ್ಚಬೇಡಿ, ಮೂತ್ರದ ವೈದ್ಯವಂತೂ ಬೇಡ. ಸಿಹಿನೀರೂ ಹಾಕಬೇಡಿ, ಅಂಟಿದ ಎಳೆಗಳು ಇನ್ನಷ್ಟು ವಿಷ ಬಿಡಬಹುದು. ಸಮುದ್ರದ ನೀರಿನಿಂದಲೇ ತೊಳೆದು, ಎಳೆಗಳನ್ನು ಚಿಮಟಿಗೆಯಲ್ಲಿ ತೆಗೆಯಿರಿ. ನಂತರ ತಾಳುವಷ್ಟು ಬಿಸಿನೀರಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ನೋವು ಇಳಿಯುತ್ತದೆ. ಉಸಿರಾಟಕ್ಕೆ ಕಷ್ಟವಾದರೆ, ಮುಖ ಊದಿದರೆ ಸೀದಾ ಆಸ್ಪತ್ರೆಗೆ.

ಪ್ರಶ್ನೆ: ವೆಟ್‌ಸೂಟ್ ಕೊಳ್ಳಲೇಬೇಕಾ? ಬಹಳ ದುಬಾರಿ.
– ಓದುಗ, ಬೆಂಗಳೂರು

ಉತ್ತರ: ಬೇಡ. ಅದು ತಣ್ಣೀರಿನ ದೇಶದವರಿಗೆ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲೂ ಅದು ಕಡ್ಡಾಯವಾಗುವುದು ನೀರು 18 ಡಿಗ್ರಿಗಿಂತ ಕೆಳಗಿಳಿದಾಗ. ನಮ್ಮಲ್ಲಿ ಹಾಕಿಕೊಂಡರೆ ಬೆಂದೇ ಹೋಗುತ್ತೀರಿ. ಆ ದುಡ್ಡಲ್ಲಿ ಕಣ್ಣು ಕುಕ್ಕುವ ಬಣ್ಣದ ಟೋಪಿ, ಸೊಂಟಕ್ಕೆ ಕಟ್ಟುವ ಕಿತ್ತಳೆ ಬಣ್ಣದ ಗಾಳಿಚೀಲ ತಗೊಳ್ಳಿ. ಜೊತೆಗೆ ಒಂದು ಡಬ್ಬಿ ವ್ಯಾಸಲೀನ್: ಕುತ್ತಿಗೆ, ಕಂಕುಳಿಗೆ ಹಚ್ಚಿ. ಉಪ್ಪುನೀರಲ್ಲಿ ಅಲ್ಲೇ ಮೊದಲು ಚರ್ಮ ಕಿತ್ತುಬರುವುದು. ಹಚ್ಚುವ ಮೊದಲೇ ಕನ್ನಡಕ ಹಾಕಿಕೊಳ್ಳಿ, ಜಿಡ್ಡಿನ ಬೆರಳು ತಾಗಿದರೆ ಗಾಜು ಮಬ್ಬಾಗುತ್ತದೆ.